ಗುಲಗಂಜಿ ಹುಳು ಬಿಟ್ಟರೂ ಹಲಸಿನ ಹಿಟ್ಟುತಿಗಣೆ ಹೋಗಲಿಲ್ಲವೇ? ಎಲ್ಲಿ ತಪ್ಪಿತೆಂದು ಹುಡುಕುವ ಬಗೆ

ಲಕ್ಷಣ ಹೀಗಿರುತ್ತದೆ. ಮರದ ರಸ ಹೀರುವ, ಮೈಮೇಲೆ ಬಿಳಿ ಹಿಟ್ಟಿರುವ ಹಿಟ್ಟುತಿಗಣೆಯನ್ನು ತಿನ್ನಲೆಂದು ಗುಲಗಂಜಿ ಹುಳು (ಲೇಡಿಬರ್ಡ್) ಬಿಟ್ಟು ಮೂರು ವಾರವಾಗಿದೆ. ಎಳೆ ಹಲಸಿನ ಚಿಗುರಿನಲ್ಲಿ, ಅತ್ತಿಯ ಕಾಯಿಗೊಂಚಲಿನಲ್ಲಿ ಬಿಳಿ ಹಿಟ್ಟು ಮೆತ್ತಿದ್ದು ಮೆತ್ತಿದ ಹಾಗೇ ಇದೆ. ಮರದಡಿಯ ಕಾಫಿ ಎಲೆಗಳ ಮೇಲೆ ಅಂಟು ತೊಟ್ಟಿಕ್ಕಿ, ಅದರ ಮೇಲೆ ಮಸಿಯಂಥ ಕಪ್ಪು ಬೂಷ್ಟು ಕಟ್ಟಿದೆ. ದುಡ್ಡು ಕೊಟ್ಟು ತಂದ ಹುಳು ಒಂದೂ ಕಣ್ಣಿಗೆ ಬೀಳುತ್ತಿಲ್ಲ. "ಇದೆಲ್ಲ ಪುಸ್ತಕದ ಬದನೆಕಾಯಿ" ಎಂದು ಪಕ್ಕದ ತೋಟದವರು ಕೈಗೆ ಔಷಧದ ಬಾಟಲಿ ಕೊಡುತ್ತಾರೆ.

ಆ ಬಾಟಲಿಯ ಮುಚ್ಚಳ ತೆಗೆಯುವ ಮುಂಚೆ ಒಂದು ದಿನ ತಡೆಯಿರಿ. ನಮ್ಮ ತೋಟ ಮೂಡಿಗೆರೆ ತಾಲ್ಲೂಕಿನಲ್ಲಿದೆ. ಎರಡು ವರ್ಷ ಹುಳು ಬಿಟ್ಟು ಎರಡು ವರ್ಷವೂ ಸೋತಿದ್ದೇನೆ, ಮೂರನೆಯ ವರ್ಷ ಮರ ಉಳಿಯಿತು. ಮೂರೂ ಸಲ ತಂದದ್ದು ಒಂದೇ ಜಾತಿಯ ಹುಳು, ಬಿಟ್ಟದ್ದು ಅದೇ ಮರಗಳಿಗೆ. ಸೋತ ಎರಡೂ ವರ್ಷ ಕಾರಣ ಮರದ ಮೇಲೇ ಇತ್ತು, ನಾನು ಕತ್ತೆತ್ತಿ ನೋಡಿರಲಿಲ್ಲ. ಈ ಬರಹ ಆ ನೋಡುವ ಕೆಲಸದ ಬಗ್ಗೆ.

ನೆರಳಿಗೆಂದು ಸಿಲ್ವರ್ ಓಕ್ ನೆಡುತ್ತ ಬಂದ ಮೇಲೆ ತೋಟಗಳಲ್ಲಿ ಹಲಸು, ಅತ್ತಿ, ಬಸರಿ, ನಂದಿ ಮರಗಳು ಬೆರಳೆಣಿಕೆಗೆ ಇಳಿದಿವೆ. ಹಲಸು ಪಶ್ಚಿಮ ಘಟ್ಟದ್ದೇ ಮರ. ಅದರ ಮೇಲೆ ಈಗ ಬಂದು ಕೂರುವ ತಿಗಣೆಗಳಲ್ಲಿ ಕೆಲವು ಹೊರದೇಶದವು. ಅವುಗಳನ್ನು ತಿಂದು ಹತೋಟಿಯಲ್ಲಿಡುತ್ತಿದ್ದ ಜೀವಿಗಳು ತವರಿನಲ್ಲೇ ಉಳಿದಿವೆ. ನಲವತ್ತಡಿ ಮರಕ್ಕೆ ಪಂಪು ಹಿಡಿದು ವಿಷ ಹೊಡೆದರೆ ಅರ್ಧ ಕೆಳಗಿನ ಕಾಫಿಗೆ, ಜೇನಿಗೆ, ಕೆರೆಗೆ ಬೀಳುತ್ತದೆ. ಆದ್ದರಿಂದಲೇ ಹುಳುವಿನ ದಾರಿ ಕೈಬಿಡುವ ಮುಂಚೆ ಅದು ಎಲ್ಲಿ ಕೆಟ್ಟಿತೆಂದು ತಿಳಿಯಬೇಕು.

ಕೈಯಲ್ಲಿ ಹತ್ತುಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಸ್ವಲ್ಪ ಸ್ಪಿರಿಟ್, ಎರಡು ಗಾಜಿನ ಬಾಟಲಿ, ಬಣ್ಣದ ದಾರ, ಒಂದು ನೋಟ್‌ಬುಕ್ ಇರಲಿ. ಏಣಿ ಹತ್ತುವವರು ಒಬ್ಬರು ಜೊತೆಗಿರಲಿ.

ಮೊದಲು ದಿನ ಎಣಿಸಿ

ನಮ್ಮಲ್ಲಿ ಹಿಟ್ಟುತಿಗಣೆಗೆ ಬಿಡುವ ಗುಲಗಂಜಿ ಹುಳುವಿನ ಜಾತಿ ಕ್ರಿಪ್ಟೋಲೇಮಸ್. ಸುಮಾರು 4 ಮಿಲಿಮೀಟರ್ ಉದ್ದ, ಕರಿ ಬೆನ್ನು, ತಲೆ ಮತ್ತು ಹಿಂತುದಿ ಕಿತ್ತಳೆ ಛಾಯೆ. ಬೇಸಿಗೆಯ ಹಿತವಾದ ಬಿಸಿಯಲ್ಲಿ ಇದರ ಮೊಟ್ಟೆ ಒಡೆಯಲು ಐದಾರು ದಿನ ಬೇಕು. ಮರಿ ಎರಡು ವಾರದಷ್ಟು ಕಾಲ ತಿನ್ನುತ್ತದೆ. ಆಮೇಲೆ ಕೋಶವಾಗಿ ಒಂದು ವಾರದ ಮೇಲೆ ರೆಕ್ಕೆ ಹುಳು ಹೊರಬರುತ್ತದೆ. ಒಟ್ಟು ನಾಲ್ಕರಿಂದ ಐದು ವಾರ. ಬಿಟ್ಟ ಹುಳು ಮೊಟ್ಟೆಯಿಟ್ಟು ಬೇರೆ ಮರಕ್ಕೆ ಹಾರಿರಬಹುದು. ತಿನ್ನುವ ದೊಡ್ಡ ಕೆಲಸ ಮರಿಯದು. ಹಾಗಾಗಿ ಹತ್ತನೆಯ ದಿನ ಹುಳು ಕಾಣಲಿಲ್ಲವೆಂದು ಸೋಲು ಒಪ್ಪಿಕೊಳ್ಳುವುದು ಅವಸರ. ಹತ್ತರಿಂದ ಇಪ್ಪತ್ತನೆಯ ದಿನದೊಳಗೆ ಮರಿಯೂ ಕಾಣದಿದ್ದರೆ ಮಾತ್ರ ದೋಷವಿದೆ.

ಮರಿಯನ್ನು ಗುರುತಿಸಿದ್ದೀರಾ?

ಇಲ್ಲೇ ನನ್ನ ಮೊದಲ ವರ್ಷ ಹೋಯಿತು. ಬಿಟ್ಟ ಮೂರನೆಯ ವಾರ ನಮ್ಮ ತೋಟದ ಹಿರಿಯ ಕೆಲಸದಾಕೆ ಬಂದು, "ಅಣ್ಣಾ, ಸಣ್ಣ ಮರದ ತಿಗಣೇನೆಲ್ಲ ತೆಗೆದೆ. ದೊಡ್ಡ ದೊಡ್ಡವು, ಓಡಾಡ್ತಿದ್ವು, ಎಲ್ಲ ಹೊಸಕಿ ಹಾಕ್ದೆ" ಎಂದರು. "ಓಡಾಡ್ತಿದ್ವಾ ಅಕ್ಕಾ?" ಎಂದು ಕೇಳುವಾಗಲೇ ನನಗೆ ಎದೆ ಧಸಕ್ಕೆಂದಿತು. ಹಿಟ್ಟುತಿಗಣೆ ಓಡುವುದಿಲ್ಲ. ಅವರು ಶ್ರದ್ಧೆಯಿಂದ ಹೊಸಕಿದ್ದು ಗುಲಗಂಜಿಯ ಮರಿಗಳನ್ನು. ತಪ್ಪು ಅವರದಲ್ಲ. ಮರಿ ಹೇಗಿರುತ್ತದೆಂದು ನಾನು ತೋರಿಸಿರಲಿಲ್ಲ.

ಕ್ರಿಪ್ಟೋಲೇಮಸ್ ಮರಿಯ ಮೈತುಂಬ ಹಿಟ್ಟುತಿಗಣೆಯಂಥದೇ ಬಿಳಿ ಮೇಣದ ಎಳೆಗಳಿರುತ್ತವೆ. ಆದರೆ ಬೆಳೆದ ಮರಿ ಒಂದು ಸೆಂಟಿಮೀಟರ್ ದಾಟುತ್ತದೆ, ಎಳೆಗಳು ಉದ್ದವಾಗಿ ಕೆದರಿಕೊಂಡಿರುತ್ತವೆ. ಕಡ್ಡಿಯಿಂದ ಮೆಲ್ಲನೆ ಮುಟ್ಟಿದರೆ ಸರಸರ ನಡೆಯುತ್ತದೆ. ತಿಗಣೆಯನ್ನು ಮುಟ್ಟಿದರೆ ಕೂತಲ್ಲೇ ಕೂತಿರುತ್ತದೆ, ಕದಲಿದರೂ ಬಲು ನಿಧಾನ. ಇಷ್ಟು ಸಾಕು. ಮರ ಹತ್ತುವವರು, ಚಿಗುರು ಸವರುವವರು, ಮೆಣಸು ಕೊಯ್ಯುವವರು, ಎಲ್ಲರಿಗೂ ಒಂದು ಬಾಟಲಿಯಲ್ಲಿ ಮರಿ ಹಾಕಿ ಕೈಗೆ ಕೊಟ್ಟು ತೋರಿಸಿ. ಹೇಳುವುದಕ್ಕಿಂತ ತೋರಿಸುವುದು ಮೇಲು.

ಇನ್ನೊಂದು ಮರಿಯೂ ಸಿಗಬಹುದು. ತಿಗಣೆ ಗುಂಪಿನ ನಡುವೆ ಹಸಿರು ಬೂದು ಬಣ್ಣದ, ಗೊಂಡೆಹುಳದಂತೆ ಚಪ್ಪಟೆಯಾದ, ಬೆನ್ನ ಮೇಲೆ ಹಿಟ್ಟು ಹೊತ್ತ ಹುಳ ಕಂಡರೆ ಅದು ಸ್ಪಾಲ್ಜಿಸ್ ಎಂಬ ಚಿಟ್ಟೆಯ ಮರಿ. ಚಿಟ್ಟೆಯ ಮರಿಗಳೆಲ್ಲ ಎಲೆ ತಿನ್ನುತ್ತವೆಂದು ತಿಳಿದವರಿಗೆ ಆಶ್ಚರ್ಯವಾಗಬಹುದು, ಇದು ಹಿಟ್ಟುತಿಗಣೆಯನ್ನೇ ತಿಂದು ಬೆಳೆಯುತ್ತದೆ. ಇದರ ಕೋಶ ಎಲೆಗೆ ಅಂಟಿಕೊಂಡಿದ್ದರೆ ಪುಟ್ಟ ಕೋತಿಯ ಮುಖ ಕೆತ್ತಿದಂತೆ ಕಾಣುತ್ತದೆ. ಅದು ನಮ್ಮ ಊರಿನದೇ ಜೀವಿ, ಯಾರೂ ತಂದು ಬಿಡಬೇಕಾಗಿಲ್ಲ. ಈ ಕೋತಿಮುಖ ಕಂಡ ಮರಕ್ಕೆ ನಾನು ಬೇರೆ ಹುಳು ಬಿಡುವುದಿಲ್ಲ, ಅದರ ಪಾಡಿಗೆ ಬಿಡುತ್ತೇನೆ.

ಬಿಳಿ ಇರುವುದೆಲ್ಲ ಒಂದೇ ತಿಗಣೆಯಲ್ಲ

ಕ್ರಿಪ್ಟೋಲೇಮಸ್ ಭಾರತಕ್ಕೆ ಬಂದದ್ದು 1898ರಲ್ಲಿ, ಆಸ್ಟ್ರೇಲಿಯಾದಿಂದ, ಅದೂ ಕಾಫಿಗಾಗಿಯೇ. ಆದರೆ ಆಗ ತರಿಸಿದ್ದು ಕಾಫಿಯ ಹಸಿರು ತಿಗಣೆಯ ಮೇಲೆ ಬಿಡಲು. ಹಸಿರು ತಿಗಣೆ ಅದರಿಂದ ಕಡಿಮೆಯಾಗಲಿಲ್ಲ. ಹುಳು ಮಾತ್ರ ಹಿಟ್ಟುತಿಗಣೆ ಹಿಡಿದು ದಕ್ಷಿಣದಲ್ಲಿ ನೆಲೆಯೂರಿತು. ನೂರಿಪ್ಪತ್ತು ವರ್ಷ ಕಳೆದರೂ ಅದೇ ತಪ್ಪು ನಡೆಯುತ್ತಿದೆ: ಕಂಡ ಬಿಳುಪಿಗೆಲ್ಲ ಒಂದೇ ಹುಳು.

ಭೂತಗನ್ನಡಿ ಹಿಡಿಯಿರಿ. ಬೆನ್ನ ಮೇಲೆ ಎರಡು ಕಪ್ಪು ಗೆರೆ, ಹಿಂದೆ ಎರಡು ಉದ್ದ ಬಾಲ, ಮೈಮೇಲೆ ಗಾಜಿನ ನೂಲಿನಂಥ ಎಳೆಗಳಿದ್ದರೆ ಅದು ಪಟ್ಟೆ ಹಿಟ್ಟುತಿಗಣೆ. ಅಂಚಿನ ಸುತ್ತ ಗಿಡ್ಡ ಎಳೆಗಳ ಝಾಲರು, ಬೆನ್ನ ನಡುವೆ ಒಂದೇ ತೆಳು ಗೆರೆಯಿದ್ದರೆ ಕಾಫಿ ಮತ್ತು ನಿಂಬೆ ಜಾತಿಯಲ್ಲಿ ಸಾಮಾನ್ಯವಾದ ಹಿಟ್ಟುತಿಗಣೆ. ಇದಕ್ಕೆ ಕ್ರಿಪ್ಟೋಲೇಮಸ್ ಹೇಳಿ ಮಾಡಿಸಿದ್ದು. ಇದೇ ತಿಗಣೆಗೆಂದು 1983ರಲ್ಲಿ ಟ್ರಿನಿಡಾಡ್‌ನಿಂದ ತಿಗಣೆಯ ಮೈಯೊಳಗೆ ಮೊಟ್ಟೆಯಿಡುವ ಲೆಪ್ಟೋಮ್ಯಾಸ್ಟಿಕ್ಸ್ ಎಂಬ ಪರಾವಲಂಬಿ ಕಣಜವನ್ನೂ ತರಿಸಲಾಯಿತು. ಕಾಫಿ ತೋಟಗಳಲ್ಲಿ ಎರಡನ್ನೂ ಬಿಡುವ ರೂಢಿಯಿದೆ.

ತಿಗಣೆಯ ಮೈ ಹಳದಿಯಾಗಿದ್ದು, ಹಿಸುಕಿದರೆ ಹಳದಿ ರಸ ಬಂದರೆ ನಾಲ್ಕನ್ನು ಸ್ಪಿರಿಟ್‌ಗೆ ಹಾಕಿಡಿ. ನೀಲಿಗಪ್ಪಾದರೆ ಅದು ಪಪ್ಪಾಯ ಹಿಟ್ಟುತಿಗಣೆ. ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದ ಈ ಕೀಟ 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡು ಹಿಪ್ಪುನೇರಳೆ, ಪಪ್ಪಾಯ, ತೇಗ ಎನ್ನದೆ ಹಬ್ಬಿತು. ಗುಲಗಂಜಿ ಇದನ್ನು ತಿನ್ನುತ್ತದೆ ನಿಜ. ಆದರೆ ಇದನ್ನು ಹದ್ದುಬಸ್ತಿಗೆ ತಂದದ್ದು 2010ರಲ್ಲಿ ಪೋರ್ಟೊರಿಕೊದಿಂದ ತರಿಸಿ ಬೆಂಗಳೂರಿನಲ್ಲಿ ಬೆಳೆಸಿ ಹಂಚಿದ ಅಸೆರೋಫೇಗಸ್ ಎಂಬ ಸೂಕ್ಷ್ಮ ಕಣಜ. ತಿಗಣೆಗಳ ನಡುವೆ ಊದಿಕೊಂಡು ಕಂದಾಗಿ ಒಣಗಿದ, ದುಂಡು ತೂತಿರುವ ಸಿಪ್ಪೆಗಳು ಸಿಕ್ಕರೆ ಕಣಜ ಆಗಲೇ ಕೆಲಸದಲ್ಲಿದೆ. ಆಗ ಏನೂ ಮಾಡದೆ ಕಾಯುವುದೇ ಸರಿ. ಕೈಕಟ್ಟಿ ಕೂರುವುದು ಬೆಳೆಗಾರನಿಗೆ ಎಲ್ಲಕ್ಕಿಂತ ಕಷ್ಟದ ಕೆಲಸ, ಅದನ್ನು ನಾನು ಬಲ್ಲೆ.

ಇಟ್ಟಿಗೆ ಕೆಂಪು ಮೈಗೆ ಅಂಟಿಕೊಂಡು ಉದ್ದುದ್ದ ಗೀರುಗಳ ಬಿಳಿ ಚೀಲ ಹೊತ್ತಿದ್ದರೆ ಅದು ಹಿಟ್ಟುತಿಗಣೆಯೇ ಅಲ್ಲ, ಐಸೇರಿಯಾ ಎಂಬ ಬೇರೆ ತಿಗಣೆ. ಅದಕ್ಕೆ ಬೇಕಾದದ್ದು ರೊಡೋಲಿಯಾ ಎಂಬ ಬೇರೆಯೇ ಗುಲಗಂಜಿ. 1888–89ರಲ್ಲಿ ಅಮೆರಿಕದ ಕೀಟತಜ್ಞ ಆಲ್ಬರ್ಟ್ ಕೋಬೆಲೆ ಆಸ್ಟ್ರೇಲಿಯಾದಿಂದ ಕಳುಹಿಸಿದ 500 ಚಿಲ್ಲರೆ ರೊಡೋಲಿಯಾ ಹುಳುಗಳಿಂದ ಕ್ಯಾಲಿಫೋರ್ನಿಯಾದ ಕಿತ್ತಳೆ ತೋಟಗಳು ಉಳಿದವು. ಅದೇ ಹುಳುವನ್ನು 1920ರ ದಶಕದ ಕೊನೆಯಲ್ಲಿ ನೀಲಗಿರಿಗೂ ತಂದರು. ಅಟ್ಲಾಂಟಿಕ್ ಸಾಗರದ ಸೇಂಟ್ ಹೆಲೆನಾ ದ್ವೀಪದ ಕಥೆ ನಮ್ಮ ಹಲಸಿಗೆ ಇನ್ನೂ ಹತ್ತಿರದ್ದು. ಅಲ್ಲಿ ಮಾತ್ರ ಬೆಳೆಯುವ ಗಮ್‌ವುಡ್ ಮರಗಳನ್ನು ದಕ್ಷಿಣ ಅಮೆರಿಕದಿಂದ ಬಂದ ಆರ್ಥೇಜಿಯಾ ತಿಗಣೆ ಒಂದೊಂದಾಗಿ ಒಣಗಿಸುತ್ತಿತ್ತು. 1993ರಲ್ಲಿ ಹೈಪರಾಸ್ಪಿಸ್ ಎಂಬ ಪುಟ್ಟ ಗುಲಗಂಜಿಯನ್ನು ತಂದು ಬಿಟ್ಟರು. ನೂರಕ್ಕೂ ಹೆಚ್ಚು ಮರ ಸತ್ತ ಮೇಲಾದರೂ ತಿಗಣೆ ಕುಸಿದು ಉಳಿದ ಕಾಡು ಬದುಕಿತು. ಆ ತಿಗಣೆಗೆ ಆ ಹುಳುವೇ ಬೇಕಿತ್ತು.

ಹಾಲವಾಣದ ಎಲೆ, ತೊಟ್ಟು ಗಂಟುಗಂಟಾಗಿ ಊದಿಕೊಂಡಿದ್ದರೆ ಯಾವ ಗುಲಗಂಜಿಯಿಂದಲೂ ಪ್ರಯೋಜನವಿಲ್ಲ. ಅದು ಪೂರ್ವ ಆಫ್ರಿಕಾದಿಂದ ಹರಡಿದ ಗಂಟುಕಣಜದ ಕೆಲಸ, ಮರಿ ಎಲೆಯ ಒಳಗೇ ಅಡಗಿರುತ್ತದೆ. ಹವಾಯಿಯಲ್ಲಿ ತಮ್ಮ ನೆಲದ, ಹಾಲವಾಣದ ಕುಲಕ್ಕೇ ಸೇರಿದ ವಿಲಿವಿಲಿ ಮರ ಉಳಿಸಲು 2008ರಲ್ಲಿ ಟಾಂಜಾನಿಯಾದಿಂದ ಯೂರಿಟೋಮಾ ಎಂಬ ಕಣಜ ತಂದು ಬಿಟ್ಟರು. ಅದರ ಮರಿ ಗಂಟಿನೊಳಗೆ ಒಂದು ಕೋಣೆಯಿಂದ ಇನ್ನೊಂದಕ್ಕೆ ಕೊರೆಯುತ್ತ ಒಳಗಿನವುಗಳನ್ನು ತಿನ್ನುತ್ತದೆ. ನಾವು ಮಾಡಬಹುದಾದದ್ದು ಗಂಟುಗಟ್ಟಿದ ಚಿಗುರು ಕತ್ತರಿಸಿ ಸುಡುವುದು. ಹೊರದೇಶದ ಹುಳುವನ್ನು ಯಾರೋ ಪಾರ್ಸೆಲ್ ಮಾಡಿ ಕಳಿಸುತ್ತಾರೆಂದು ತರಿಸಬೇಡಿ. 2003ರ ಸಸ್ಯ ಸಂಪರ್ಕ ನಿಷೇಧ (ಪ್ಲಾಂಟ್ ಕ್ವಾರಂಟೈನ್) ಆದೇಶದ ಪ್ರಕಾರ ಅನುಮತಿ ಬೇಕು, ಪರೀಕ್ಷೆ ಮಾಡದೆ ಬಿಟ್ಟ ಹುಳುವೇ ಪೀಡೆಯಾದ ಉದಾಹರಣೆಗಳು ಬೇಕಾದಷ್ಟಿವೆ. ಜಾತಿ ಗೊತ್ತಾಗದಿದ್ದರೆ ಸ್ಪಿರಿಟ್‌ನಲ್ಲಿ ಹಾಕಿದ ಮಾದರಿಯನ್ನು ಬಾಳೆಹೊನ್ನೂರಿನ ಕೇಂದ್ರ ಕಾಫಿ ಸಂಶೋಧನಾ ಸಂಸ್ಥೆಗೋ ಮೂಡಿಗೆರೆಯ ಕೃಷಿ ವಿಜ್ಞಾನ ಕೇಂದ್ರಕ್ಕೋ ಕೊಟ್ಟು ಕೇಳಿ.

ಇರುವೆ

ನನ್ನ ಎರಡನೆಯ ವರ್ಷ ಹೋದದ್ದು ಇದರಿಂದ. ತೋಟದಿಂದ ತೋಟಕ್ಕೆ ಹೋಗಿ ನೋಡಿದ ಮೇಲೆ ಹೇಳುತ್ತೇನೆ, ಹುಳು ಬಿಟ್ಟು ಸೋತವರಲ್ಲಿ ಹೆಚ್ಚಿನವರು ಸೋತದ್ದು ಇಲ್ಲಿಯೇ.

ತಿಗಣೆ ಸಿಹಿ ಅಂಟು ಸುರಿಸುತ್ತದೆ, ಇರುವೆ ಅದನ್ನು ಕುಡಿಯುತ್ತದೆ. ನಾವು ಹಸು ಕಾಯುವ ಹಾಗೆ ಅವು ತಿಗಣೆ ಕಾಯುತ್ತವೆ. ಗುಲಗಂಜಿ ಬಂದು ಕೂತರೆ ಕಚ್ಚಿ ಓಡಿಸುತ್ತವೆ, ಅದರ ಮೊಟ್ಟೆ, ಎಳೆ ಮರಿ ಸಿಕ್ಕರೆ ಹೊತ್ತೊಯ್ಯುತ್ತವೆ. ನಮ್ಮ ಹಲಸಿನ ಮೇಲೆ ಮುಖ್ಯವಾಗಿ ಇದ್ದದ್ದು ಚಗಳಿ. ಎಲೆ ಹೊಲಿದು ಗೂಡು ಕಟ್ಟುವ ಈ ಕೆಂಪಿರುವೆಯ ಚಟ್ನಿ ನಮ್ಮ ಕಡೆ ಎಲ್ಲರಿಗೂ ಗೊತ್ತು. ಬುಡದಲ್ಲಿ ಗೂಡು ಮಾಡಿಕೊಂಡ ಸಣ್ಣ ಕಪ್ಪಿರುವೆ ಬೇರೆ.

ಇರುವೆಯೇ ಕಾರಣವೋ ಅಲ್ಲವೋ ಎಂದು ತಿಳಿಯಲು ಎರಡು ರೆಂಬೆಯ ಪರೀಕ್ಷೆ ಮಾಡಿ. ಒಂದೇ ಮರದಲ್ಲಿ ತಿಗಣೆ ಸಮನಾಗಿರುವ, ಬೇರೆ ಕೊಂಬೆಗೆ ತಾಗದ ಎರಡು ರೆಂಬೆ ಆರಿಸಿ. ಒಂದರ ಬುಡಕ್ಕೆ ಅಗಲ ಟೇಪು ಸುತ್ತಿ, ಟೇಪಿನ ಮೇಲೆ ಗ್ರೀಸ್ ಬಳಿಯಿರಿ. ತೊಗಟೆಗೆ ನೇರವಾಗಿ ಬಳಿಯಬೇಡಿ, ಎಳೆ ತೊಗಟೆ ಕೆಡುತ್ತದೆ. ಆ ರೆಂಬೆಯಲ್ಲಿ ಉಳಿದ ಇರುವೆಗಳನ್ನು ಕೊಡವಿ ಹಾಕಿ. ಎರಡಕ್ಕೂ ಐದೈದು ಮರಿ ಬಿಟ್ಟು ಹತ್ತು ದಿನ ಬಿಟ್ಟು ನೋಡಿ. ನಮ್ಮ ಮರದಲ್ಲಿ ಗ್ರೀಸ್ ಹಾಕಿದ ರೆಂಬೆ ಶುಚಿಯಾಗಿತ್ತು, ತಿಗಣೆಯ ಒಣ ಚರ್ಮವಷ್ಟೇ ಉಳಿದಿತ್ತು. ಪಕ್ಕದ ರೆಂಬೆಯಲ್ಲಿ ಒಂದು ಮರಿಯೂ ಇರಲಿಲ್ಲ. ಅವತ್ತು ಆ ಎರಡು ರೆಂಬೆಗಳ ಮುಂದೆ ಏಣಿಯ ಮೇಲೆ ನಿಂತಾಗ ಹಿಂದಿನ ವರ್ಷದ ಲೆಕ್ಕ ಪೂರಾ ಅರ್ಥವಾಯಿತು.

ಇಡೀ ಮರಕ್ಕೆ ಪಟ್ಟಿ ಕಟ್ಟಿಬಿಡಿ ಎಂದು ಪುಸ್ತಕಗಳು ಹೇಳುತ್ತವೆ. ಮೆಣಸಿನ ಬಳ್ಳಿ ಹಬ್ಬಿದ ಹಲಸಿಗೆ ಅದು ಆಗದ ಮಾತು. ಕಾಂಡಕ್ಕೆ ಪಟ್ಟಿ ಕಟ್ಟಿದರೆ ಇರುವೆ ಬಳ್ಳಿ ಹಿಡಿದು ಹತ್ತುತ್ತದೆ. ಹಾಗಾಗಿ ನಾನು ಮಾಡಿದ್ದು ಇಷ್ಟು. ಪಕ್ಕದ ಮರಕ್ಕೆ ತಾಗುವ ಕೊಂಬೆಗಳನ್ನು ಸವರಿಸಿದೆ. ಚಗಳಿ ಗೂಡುಗಳನ್ನು ಬೆಳಗಿನ ಜಾವದ ಚಳಿಯಲ್ಲಿ, ಅವು ಮಂಕಾಗಿರುವಾಗ, ಎಲೆ ಸಮೇತ ಕತ್ತರಿಸಿ ಇಳಿಸಿದೆವು. ಕಪ್ಪಿರುವೆಗೆ ಒಂದು ಲೀಟರ್ ನೀರಿಗೆ 100 ಗ್ರಾಂ ಸಕ್ಕರೆ, 10 ಗ್ರಾಂ ಬೋರಿಕ್ ಪುಡಿ ಕರಗಿಸಿ, ಮುಚ್ಚಳದಲ್ಲಿ ಸಣ್ಣ ತೂತಿರುವ ಡಬ್ಬಿಗಳಲ್ಲಿ ಹತ್ತಿ ಅದ್ದಿ ಬುಡದಲ್ಲಿಟ್ಟೆ. ತೂತು ಜೇನು ನುಗ್ಗದಷ್ಟು ಸಣ್ಣದಿರಬೇಕು, ಮಕ್ಕಳ ಮತ್ತು ನಾಯಿಯ ಬಾಯಿಗೆ ಸಿಗದಂತಿರಬೇಕು. ಬೋರಿಕ್ ಇದಕ್ಕಿಂತ ಹೆಚ್ಚಾದರೆ ಇರುವೆ ದಾರಿಯಲ್ಲೇ ಸಾಯುತ್ತದೆ, ಗೂಡಿಗೆ ಮುಟ್ಟುವುದಿಲ್ಲ. ಬುಡಕ್ಕೆ ವಿಷದ ಪುಡಿ ಎರಚುವ ರೂಢಿ ನನಗೆ ಒಪ್ಪಿಗೆಯಿಲ್ಲ. ನೆಲಕ್ಕೆ ಬಿದ್ದ ಗುಲಗಂಜಿ ಮರಿ ಮತ್ತೆ ಹತ್ತುವುದು ಅದೇ ಬುಡದಿಂದ.

ಚಗಳಿಯನ್ನು ತೋಟದಿಂದಲೇ ಅಳಿಸಿ ಎಂದು ಹೇಳುತ್ತಿಲ್ಲ. ಅದು ಬೇರೆ ಎಷ್ಟೋ ಹುಳ ಹಿಡಿದು ತಿನ್ನುತ್ತದೆ. ಗುಲಗಂಜಿ ನೆಲೆಯೂರುವ ಐದು ವಾರ, ತಿಗಣೆಯಿರುವ ಮರಗಳಲ್ಲಿ ಮಾತ್ರ ಅದು ಇರಬಾರದು.

ವಿಷದ ಉಳಿಕೆ

"ನಾವು ಏನೂ ಹೊಡೆದಿಲ್ಲ" ಎನ್ನುವವರ ತೋಟದಲ್ಲೂ ಕಾಂಡಕೊರಕಕ್ಕೆ, ಮೆಣಸಿಗೆ, ಪಕ್ಕದ ಶುಂಠಿಗೆ ಏನಾದರೂ ಬಿದ್ದಿರುತ್ತದೆ. ಬಾಟಲಿ ಪರೀಕ್ಷೆ ಇದಕ್ಕೆ ಸಾಕು. ಒಂದು ಗಾಜಿನ ಬಾಟಲಿಗೆ ಅನುಮಾನದ ಮರದ ತಿಗಣೆಯಿರುವ ಚಿಗುರು, ಇನ್ನೊಂದಕ್ಕೆ ಯಾವ ಔಷಧವೂ ಬೀಳದ ಜಾಗದ ಚಿಗುರು ಹಾಕಿ. ತಲಾ ಐದು ಹುಳು ಬಿಟ್ಟು, ಬಾಯಿಗೆ ತೆಳು ಬಟ್ಟೆ ಕಟ್ಟಿ ನೆರಳಲ್ಲಿಡಿ. ಎರಡನೆಯ ದಿನ ಮೊದಲ ಬಾಟಲಿಯವು ಅಂಗಾತ ಬಿದ್ದು ಎರಡನೆಯದರವು ಓಡಾಡುತ್ತಿದ್ದರೆ ಉತ್ತರ ಸಿಕ್ಕಿತು. ಆ ಮರಕ್ಕೆ ಕೆಲವು ವಾರ ಹುಳು ಬಿಡಬೇಡಿ, ಮತ್ತೆ ಪರೀಕ್ಷೆ ಮಾಡಿಯೇ ಬಿಡಿ. ಬುಪ್ರೊಫೆಜಿನ್ ಎಂಬ ಕೀಟನಾಶಕದ ವಿಷಯದಲ್ಲಿ ಈ ಪರೀಕ್ಷೆ ಮೋಸ ಮಾಡುತ್ತದೆ. ಅದು ಬೆಳೆದ ಹುಳುವನ್ನು ಕೊಲ್ಲದೆ ಮರಿ ಪೊರೆ ಬಿಡುವುದನ್ನು ಕೆಡಿಸುತ್ತದೆ. ಅಂಥದ್ದು ಬಿದ್ದಿರುವ ಅನುಮಾನವಿದ್ದರೆ ಮರಿಗಳನ್ನೇ ಹಾಕಿ ಒಂದು ವಾರ ನೋಡಿ.

ಹವೆ ಮತ್ತು ಡಬ್ಬಿ

ಡಿಸೆಂಬರ್ ಜನವರಿಯ ಚಳಿಯಲ್ಲಿ ಕ್ರಿಪ್ಟೋಲೇಮಸ್ ಜಡವಾಗುತ್ತದೆ, 16 ಡಿಗ್ರಿಗಿಂತ ಕೆಳಗೆ ತಿನ್ನುವುದೇ ಕಡಿಮೆ. ಜೂನ್ ಮಳೆ ಹಿಡಿದ ಮೇಲೆ ಹುಳು, ತಿಗಣೆ ಎರಡೂ ತೊಳೆದು ಹೋಗುತ್ತವೆ. ನಮ್ಮ ಕಡೆಗೆ ಫೆಬ್ರವರಿ ಕೊನೆಯಿಂದ ಏಪ್ರಿಲ್‌ವರೆಗೆ, ಸಂಜೆ ಹೊತ್ತು ಬಿಡುವುದು ಸರಿ. ಹೂಮಳೆ (ಕಾಫಿ ಹೂ ಅರಳಿಸುವ ಬೇಸಿಗೆ ಮಳೆ) ಬರುವ ಸೂಚನೆಯಿದ್ದರೆ ಎರಡು ದಿನ ತಡೆಯಿರಿ. ತಿಗಣೆ ಏಳುವ ಕಾಲಕ್ಕೇ ಹುಳುವೂ ಎದ್ದಿರಬೇಕು ಎನ್ನುವುದು ಬೇರೆ ಕಡೆಯೂ ನಿಜ. ಅಮೆರಿಕದ ಪೂರ್ವ ಭಾಗದ ಹೆಮ್ಲಾಕ್ ಮರಗಳನ್ನು ಒಣಗಿಸುವ ಜಪಾನಿನ ಅಡೆಲ್ಜಿಡ್ ಎಂಬ ಪುಟ್ಟ ಕೀಟ ಚಳಿಗಾಲದಲ್ಲಿ ರಸ ಹೀರಿ ಬೇಸಿಗೆಯಲ್ಲಿ ಮಲಗುತ್ತದೆ. ಅದಕ್ಕಾಗಿ 2003ರಿಂದ ಅಲ್ಲಿ ಬಿಡುತ್ತಿರುವ ಲಾರಿಕೋಬಿಯಸ್ ಹುಳುವೂ ಚಳಿಗಾಲದಲ್ಲೇ ತಿಂದು ಬೇಸಿಗೆಯನ್ನು ಮಣ್ಣಿನೊಳಗೆ ಕಳೆಯುತ್ತದೆ.

ಡಬ್ಬಿಯಲ್ಲಿ ಬಂದ ಹುಳುವನ್ನು ಬಿಡುವ ಮುಂಚೆ ನೋಡಿ. ಮುಂಗಾಲು ಕಂದಾಗಿದ್ದರೆ ಗಂಡು, ಕಪ್ಪಾಗಿದ್ದರೆ ಹೆಣ್ಣು. ಹೆಣ್ಣು ತೀರ ಕಡಿಮೆಯಿದ್ದರೆ ಕೊಟ್ಟವರಿಗೆ ಆಗಲೇ ತಿಳಿಸಿ. ತಿಗಣೆಯ ಮೊಟ್ಟೆಗಂಟು ಇಲ್ಲದ ಕಡೆ ಹೆಣ್ಣು ಮೊಟ್ಟೆಯಿಡುವುದಿಲ್ಲ, ಆದ್ದರಿಂದ ಮುಂಜಾಗ್ರತೆಗೆಂದು ತಿಗಣೆಯಿಲ್ಲದ ಮರಕ್ಕೆ ಬಿಟ್ಟದ್ದು ದಂಡ. ಕಾಫಿ ಗಿಡಕ್ಕೆ ಐದರಿಂದ ಹತ್ತು ಹುಳು ಸಾಕು. ದೊಡ್ಡ ಹಲಸಿಗೆ ನಾನು ಐವತ್ತರವರೆಗೆ ಬಿಟ್ಟಿದ್ದೇನೆ, ಒಂದೇ ಕಡೆ ಸುರಿಯದೆ ನಾಲ್ಕೈದು ತಿಗಣೆ ಗುಂಪುಗಳ ಹತ್ತಿರ.

ಬಿಡುವ ದಿನವೇ ಐದು ರೆಂಬೆಗೆ ಬಣ್ಣದ ದಾರ ಕಟ್ಟಿ, ತುದಿಯಿಂದ ಒಂದು ಗೇಣಿನಲ್ಲಿ ಎಷ್ಟು ತಿಗಣೆ ಎಂದು ಬರೆದಿಡಿ. ಹದಿನೈದನೆಯ ದಿನ, ಮೂವತ್ತೈದನೆಯ ದಿನ ಅದೇ ಗೇಣು ಎಣಿಸಿ. ಬರೆದಿಡದವರಿಗೆ ಕಡಿಮೆಯಾದದ್ದೂ ಕಾಣುವುದಿಲ್ಲ. ಅಂಟು ನಿಂತ ಮೇಲೂ ಹಳೆಯ ಕಪ್ಪು ಬೂಷ್ಟು ಮಳೆಗಾಲದವರೆಗೆ ಎಲೆ ಮೇಲೆ ಉಳಿದಿರುತ್ತದೆ. ಅದನ್ನು ನೋಡಿ ಹುಳು ಕೆಲಸ ಮಾಡಲಿಲ್ಲವೆಂದು ಮತ್ತೆ ವಿಷ ಹೊಡೆದವರನ್ನು ನಾನು ಕಂಡಿದ್ದೇನೆ.

ತಿಗಣೆ ಮುಗಿದ ಮೇಲೆ ಗುಲಗಂಜಿಯೂ ಮರ ಬಿಟ್ಟು ಹೋಗುತ್ತದೆ, ಅದು ದೋಷವಲ್ಲ. ಮುಂದಿನ ಬೇಸಿಗೆಗೆ ಸ್ವಲ್ಪ ಉಳಿಸಿಕೊಳ್ಳಬೇಕೆಂದರೆ ತೊಟ್ಟಿರುವ, ಗಾಯವಿಲ್ಲದ ಸಿಹಿಗುಂಬಳಕಾಯಿಗೆ ತಿಗಣೆ ಹತ್ತಿಸಿ, ಬಟ್ಟೆ ಕಟ್ಟಿದ ಪೆಟ್ಟಿಗೆಯಲ್ಲಿ ಹುಳು ಸಾಕಬಹುದು. ಪ್ರಯೋಗಾಲಯಗಳಲ್ಲಿ ಬೆಳೆಸುವುದೂ ಕುಂಬಳಕಾಯಿಯ ಮೇಲೆಯೇ. ಆ ಪೆಟ್ಟಿಗೆಯಿಟ್ಟ ಮೇಜಿನ ನಾಲ್ಕು ಕಾಲಿಗೂ ನೀರಿನ ಬಟ್ಟಲು ಇಡಿ. ಇರುವೆ ಅಲ್ಲಿಗೂ ಬರುತ್ತದೆ.